ದುರಸ್ತಿಗಾರನೇ ನ್ಯಾಯಾಧೀಶನಾದರೆ

ಹೊಸ ಲಾರಿ ಕೊಳ್ಳುವವನ ಕೈಗೆ ಮುಖ್ಯವಾಗಿ ಮೂರು ಕಾಗದಗಳು ಬರುತ್ತವೆ: ಸಾಲದ ಒಪ್ಪಂದ, ವಿಮಾ ಪತ್ರ ಮತ್ತು ವಾರಂಟಿ ಪುಸ್ತಿಕೆ. ಸಾಲದ ಒಪ್ಪಂದ ಏನು ಹೇಳುತ್ತದೆಂಬುದನ್ನು ಪ್ರತಿ ತಿಂಗಳ ಕಂತು ನೆನಪಿಸುತ್ತದೆ. ವಿಮೆಯ ಷರತ್ತುಗಳು ಅಪಘಾತವಾದ ದಿನ ಅರ್ಥವಾಗುತ್ತವೆ. ವಾರಂಟಿಯ ಅರ್ಥವನ್ನು ಮಾತ್ರ ಅದನ್ನು ಕೊಟ್ಟವರ ಬಾಯಿಂದಲೇ ಕೇಳಿ ತಿಳಿಯಬೇಕು. ಕೆಟ್ಟ ಭಾಗ ವಾರಂಟಿಗೆ ಒಳಪಡುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ಡೀಲರನ ವರ್ಕ್‌ಶಾಪಿನವರು. ಒಳಪಡದಿದ್ದರೆ ಅದರ ದುರಸ್ತಿಗೆ ಹಣ ಪಡೆಯುವವರೂ ಅವರೇ. ಲಾಭ ಪಡೆಯುವವನೇ ತೀರ್ಪು ಕೊಡುವ ಇಂಥ ವ್ಯವಸ್ಥೆಯನ್ನು ನಾವು ಬೇರೆ ಯಾವ ವ್ಯವಹಾರದಲ್ಲೂ ಇಷ್ಟು ಸಲೀಸಾಗಿ ಒಪ್ಪಿಕೊಂಡಿಲ್ಲ.

ನಾನು ಕಲಬುರಗಿಯ ರೋಜಾ ಭಾಗದಲ್ಲಿ ತೆರಿಗೆ ಲೆಕ್ಕಪತ್ರ ಬರೆಯುವ ವೃತ್ತಿಯವನು. ಖ್ವಾಜಾ ಬಂದೇ ನವಾಜ್ ದರ್ಗಾದ ಆಸುಪಾಸಿನಲ್ಲಿ, ಅತ್ತ ಕಮಲಾಪುರದವರೆಗೂ ಹರಡಿರುವ ನನ್ನ ಕಕ್ಷಿದಾರರಲ್ಲಿ ಹಲವರು ಒಂದೋ ಎರಡೋ ಲಾರಿ ಇಟ್ಟುಕೊಂಡವರು. ಕಲಬುರಗಿಯ ತೊಗರಿಬೇಳೆ, ಶಹಾಬಾದಿನ ಹಾಸುಗಲ್ಲು, ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ಇವರ ಲಾರಿಗಳಲ್ಲಿ ಹೈದರಾಬಾದು, ಸೊಲ್ಲಾಪುರಗಳ ದಿಕ್ಕಿಗೆ ಸಾಗುತ್ತವೆ. ಇವರಲ್ಲಿ ಹೆಚ್ಚಿನವರು ಸ್ವತಃ ಸ್ಟಿಯರಿಂಗ್ ಹಿಡಿಯುವವರು. ಇವರ ಕಡತಗಳಲ್ಲಿ ವರ್ಕ್‌ಶಾಪಿನ ಬಿಲ್ಲುಗಳನ್ನು ವರ್ಷವರ್ಷವೂ ನೋಡುತ್ತ ಬಂದ ನನಗೆ ಒಂದು ಸಂಗತಿ ಎದ್ದು ಕಾಣುತ್ತದೆ. ವಾರಂಟಿ ಅವಧಿ ಇನ್ನೂ ಮುಗಿಯದ ಲಾರಿಗಳ ದುರಸ್ತಿ ವೆಚ್ಚ, ಅವಧಿ ಮುಗಿದ ಲಾರಿಗಳ ವೆಚ್ಚಕ್ಕಿಂತ ಕಡಿಮೆ ಇರಬೇಕಲ್ಲವೇ? ಅನೇಕ ಕಡತಗಳಲ್ಲಿ ಹಾಗಿಲ್ಲ.

ಕಮಲಾಪುರದ ಕಕ್ಷಿದಾರರೊಬ್ಬರ ಅನುಭವ ಇದಕ್ಕೆ ಒಂದು ಮಾದರಿ. ಹುಮನಾಬಾದ್ ಮಾರ್ಗದಲ್ಲಿ ತುಂಬಿದ ಲಾರಿ ಏರು ಹತ್ತುತ್ತಿದ್ದಾಗ ಎಚ್ಚರಿಕೆ ದೀಪ ಹೊತ್ತಿಕೊಂಡು ಎಂಜಿನ್ನಿನ ಶಕ್ತಿ ಕುಗ್ಗಿತು. ಲಾರಿಯನ್ನು ಅಧಿಕೃತ ವರ್ಕ್‌ಶಾಪಿಗೆ ಎಳೆದೊಯ್ಯಲಾಯಿತು. ಅಲ್ಲಿ ನಾಲ್ಕು ದಿನ ಅದನ್ನು ಯಾರೂ ಮುಟ್ಟಲಿಲ್ಲ. ಐದನೆಯ ದಿನ ಲ್ಯಾಪ್‌ಟಾಪ್ ಜೋಡಿಸಿ ನೋಡಿದ ತಂತ್ರಜ್ಞರು, ಯೂರಿಯಾ ದ್ರಾವಣ ಕಲಬೆರಕೆಯದು, ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ ಎಂದರು. ದ್ರಾವಣದ ಮಾದರಿಯನ್ನು ಯಾರು ಪರೀಕ್ಷಿಸಿದರು, ಫಲಿತಾಂಶವೇನು ಎಂಬ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ಪಂಪು ಬದಲಾಯಿತು, ಬಿಲ್ಲು ಬಂತು, ಹಣ ಪಾವತಿಯಾಯಿತು. ತೆಗೆದ ಹಳೆಯ ಪಂಪನ್ನು ಕೊಡಿ ಎಂದು ಕೇಳಿದಾಗ, ಅದು ಕಂಪನಿಗೆ ಹೋಗಿದೆ ಎಂಬ ಉತ್ತರ ಬಂತು.

ಈ ಕೊನೆಯ ಉತ್ತರದಲ್ಲಿಯೇ ಇಡೀ ಸಮಸ್ಯೆ ಅಡಗಿದೆ. ಕಂಪನಿ ತನ್ನ ಪರಿಶೀಲನೆಗೆ ಸಾಮಾನ್ಯವಾಗಿ ತರಿಸಿಕೊಳ್ಳುವುದು ವಾರಂಟಿಯಡಿ ಉಚಿತವಾಗಿ ಬದಲಿಸಿದ ಭಾಗಗಳನ್ನು. ಮಾಲೀಕ ಹಣ ತೆತ್ತು ಬದಲಿಸಿಕೊಂಡ ಭಾಗ ಮಾಲೀಕನದು. ವಾರಂಟಿ ಇಲ್ಲ ಎಂದ ಮೇಲೆ ಹಳೆಯ ಪಂಪು ಕಂಪನಿಗೆ ಏಕೆ ಹೋಗಬೇಕು? ಒಂದೋ ಆ ಉತ್ತರ ಸುಳ್ಳು. ಇಲ್ಲವೇ ಒಂದೇ ಪಂಪಿಗೆ ಇತ್ತ ಮಾಲೀಕನಿಂದಲೂ ಅತ್ತ ಕಂಪನಿಯಿಂದಲೂ ಹಣ ಕೇಳಲಾಗಿದೆ. ಎರಡರಲ್ಲಿ ಯಾವುದು ನಿಜವೆಂದು ಕಂಡುಹಿಡಿಯುವ ದಾರಿ ನನ್ನ ಕಕ್ಷಿದಾರರಿಗೆ ಇರಲಿಲ್ಲ. ಏಕೆಂದರೆ ಅವರ ಕೈಯಲ್ಲಿದ್ದ ದಾಖಲೆ ಬಿಲ್ಲೊಂದೇ.

ಲಾರಿ ದುರಸ್ತಿಯ ಲೋಕ ಹಿಂದೆ ಹೀಗಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಹಿಂದಿನ ಲಾರಿಗಳ ಎಂಜಿನ್ನನ್ನು ಯಾವುದೇ ಹೆದ್ದಾರಿ ಬದಿಯ ಮಿಸ್ತ್ರಿ ಬಿಚ್ಚಬಲ್ಲವನಾಗಿದ್ದ. ಶಬ್ದ ಕೇಳಿ ರೋಗ ಹೇಳುವ ಮಿಸ್ತ್ರಿಗಳು ಕಲಬುರಗಿಯಲ್ಲಿ ಇಂದಿಗೂ ಇದ್ದಾರೆ. ಡೀಲರನ ಮಾತು ಅನುಮಾನಕ್ಕೆಡೆ ಮಾಡಿದರೆ ಮಾಲೀಕ ಮಿಸ್ತ್ರಿಯ ಬಳಿ ಹೋಗಿ ಎರಡನೆಯ ಅಭಿಪ್ರಾಯ ಪಡೆಯುತ್ತಿದ್ದ. ಮಿಸ್ತ್ರಿ ಪ್ರಾಮಾಣಿಕನೋ ಅಲ್ಲವೋ ಎಂಬುದು ಬೇರೆ ಮಾತು. ಅವನ ಇರುವಿಕೆಯೇ ಡೀಲರನ ಮೇಲೆ ಒಂದು ಅಂಕುಶವಾಗಿತ್ತು.

2020ರ ಏಪ್ರಿಲ್ 1ರಂದು ದೇಶದಲ್ಲಿ ಭಾರತ್ ಸ್ಟೇಜ್–6 ಹೊಗೆ ಮಾನದಂಡ ಜಾರಿಗೆ ಬಂತು. ಐದನೆಯ ಹಂತವನ್ನು ಬಿಟ್ಟು ನಾಲ್ಕರಿಂದ ನೇರವಾಗಿ ಆರಕ್ಕೆ ಹಾರಿದ ಈ ಕ್ರಮ ಪರಿಸರದ ದೃಷ್ಟಿಯಿಂದ ಅತ್ಯಗತ್ಯವಾಗಿತ್ತು. ಡೀಸೆಲ್ಲಿನ ಗಂಧಕದ ಪ್ರಮಾಣ ದಶಲಕ್ಷಕ್ಕೆ 50 ಭಾಗಗಳಿಂದ 10 ಭಾಗಗಳಿಗೆ ಇಳಿಯಿತು. ಹೊಗೆಯಲ್ಲಿನ ಮಸಿಯನ್ನು ಹಿಡಿಯುವ ಸೋಸುಕ, ಸಾರಜನಕದ ಆಕ್ಸೈಡುಗಳನ್ನು ಯೂರಿಯಾ ದ್ರಾವಣದ ನೆರವಿನಿಂದ ನಿರಪಾಯಗೊಳಿಸುವ ವ್ಯವಸ್ಥೆ, ಇವನ್ನೆಲ್ಲ ಕಾಯುವ ಸಂವೇದಕಗಳು ಮತ್ತು ಗಣಕ ಲಾರಿಗಳಿಗೆ ಬಂದವು. ಯೂರಿಯಾ ಮುಗಿದರೆ, ಅದರ ಗುಣಮಟ್ಟ ಕೆಟ್ಟರೆ ಅಥವಾ ಅದನ್ನು ಅಳೆಯುವ ಸಂವೇದಕವೇ ಹಾಳಾದರೆ, ಗಣಕ ಎಂಜಿನ್ನಿನ ಶಕ್ತಿಯನ್ನು ತಾನಾಗಿ ತಗ್ಗಿಸುತ್ತದೆ. ಹೊಗೆ ನಿಯಂತ್ರಣವನ್ನು ಯಾರೂ ವಂಚಿಸಬಾರದೆಂಬ ಉದ್ದೇಶದಿಂದ ಹೀಗೆ ರೂಪಿಸಲಾಗಿದೆ.

ಆದರೆ ಇದರ ಇನ್ನೊಂದು ಪರಿಣಾಮವನ್ನು ನೀತಿ ರೂಪಿಸಿದವರು ಎಣಿಸಿದಂತಿಲ್ಲ. ದೋಷವನ್ನು ಓದುವ ಸಂಕೇತ, ಅದನ್ನು ಅಳಿಸುವ ತಂತ್ರಾಂಶ, ಹೊಸ ಭಾಗವನ್ನು ಗಣಕಕ್ಕೆ ಪರಿಚಯಿಸುವ ಅಧಿಕಾರ, ಎಲ್ಲವೂ ಕಂಪನಿ ಮತ್ತು ಅದರ ಅಧಿಕೃತ ವರ್ಕ್‌ಶಾಪಿನ ವಶವಾದವು. ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಸ್ಕ್ಯಾನರುಗಳಿಂದ ಎಲ್ಲ ದೋಷಗಳೂ ಕಾಣುವುದಿಲ್ಲ, ಕಂಡರೂ ಸರಿಪಡಿಸಲಾಗುವುದಿಲ್ಲ. ಲಾರಿಯ ಆರೋಗ್ಯದ ಚರಿತ್ರೆಯೆಲ್ಲ ಲಾರಿಯ ಒಳಗೇ ದಾಖಲಾಗುತ್ತದೆ. ಲಕ್ಷಾಂತರ ರೂಪಾಯಿ ಕೊಟ್ಟು ಲಾರಿ ಕೊಂಡವನಿಗೆ ಅದನ್ನು ಓದುವ ಉಪಾಯವಿಲ್ಲ. ಎರಡನೆಯ ಅಭಿಪ್ರಾಯ ಪಡೆಯುವ ಬಾಗಿಲು ಹೀಗೆ ಸದ್ದಿಲ್ಲದೆ ಮುಚ್ಚಿಹೋಯಿತು.

ಇದರ ಜೊತೆಗೆ ಡೀಲರನ ಲೆಕ್ಕಾಚಾರವನ್ನೂ ಅರಿಯಬೇಕು. ವಾರಂಟಿ ಕೆಲಸಕ್ಕೆ ಡೀಲರನಿಗೆ ಹಣ ಕೊಡುವುದು ಕಂಪನಿ. ಯಾವ ಕೆಲಸಕ್ಕೆ ಎಷ್ಟು ಗಂಟೆಯ ಕೂಲಿ ಎಂಬುದನ್ನು ಕಂಪನಿ ಮೊದಲೇ ನಿಗದಿ ಮಾಡಿರುತ್ತದೆ. ಕಂಪನಿ ತಕರಾರು ತೆಗೆದು ಬೇಡಿಕೆಯನ್ನು ತಿರಸ್ಕರಿಸಿದರೆ ನಷ್ಟ ಡೀಲರನದು. ಅದೇ ಕೆಲಸವನ್ನು ಗ್ರಾಹಕನ ಖರ್ಚಿನಲ್ಲಿ ಮಾಡಿದರೆ ಹಣ ಅಂದೇ ಕೈಸೇರುತ್ತದೆ, ಪ್ರಶ್ನಿಸುವವರಿಲ್ಲ. ಹೀಗಿರುವಾಗ ಪ್ರಾಮಾಣಿಕ ಡೀಲರನನ್ನೂ ವ್ಯವಸ್ಥೆಯೇ ತಪ್ಪು ದಿಕ್ಕಿಗೆ ತಳ್ಳುತ್ತದೆ. ಅಪ್ರಾಮಾಣಿಕನಿಗಂತೂ ಅದು ಹಬ್ಬ. ಸಂವೇದಕವೊಂದನ್ನು ಬದಲಿಸಿದರೆ ಸಾಕಾಗುವಲ್ಲಿ ಇಡೀ ಜೋಡಣೆಯನ್ನೇ ಬದಲಿಸುವುದು, ಭಾಗ ಉಚಿತವೆಂದು ಹೇಳಿ ಎಣ್ಣೆ, ಕೂಲಂಟ್, ‘ಇತರೆ ಸಾಮಗ್ರಿ’ಗಳ ಹೆಸರಿನಲ್ಲಿ ವಸೂಲು ಮಾಡುವುದು, ವಾರಂಟಿ ಮುಗಿಯಲು ಕೆಲವೇ ದಿನಗಳಿರುವಾಗ ದೂರನ್ನು ಬರೆದುಕೊಳ್ಳದೆ ‘ಮುಂದಿನ ಸರ್ವಿಸಿನಲ್ಲಿ ನೋಡೋಣ’ ಎಂದು ಸಾಗಹಾಕುವುದು, ಇವು ನಾನು ಕಡತಗಳಲ್ಲಿ ಮತ್ತೆ ಮತ್ತೆ ಕಂಡ ಬಗೆಗಳು. ವಾರಂಟಿಯಡಿ ಪ್ರತ್ಯೇಕ ಹಣ ಪಡೆಯದೆ ಬದಲಿಸಿಕೊಡುವ ಭಾಗಕ್ಕೆ ಗ್ರಾಹಕನಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2023ರ ಜುಲೈ 17ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಇದನ್ನು ತಿಳಿದ ಲಾರಿ ಮಾಲೀಕರು ಎಷ್ಟು ಮಂದಿ?

ಮಾಲೀಕ ಏಕೆ ಜಗಳಾಡುವುದಿಲ್ಲ ಎಂದು ಕೇಳಬಹುದು. ಅವನಿಗೆ ಬಿಡುವಿಲ್ಲ ಎಂಬುದೇ ಉತ್ತರ. ತಿಂಗಳಿಗೆ 60 ಸಾವಿರ ರೂಪಾಯಿ ಕಂತು ಕಟ್ಟಬೇಕಾದವನ ಲಾರಿ ನಿಂತರೆ, ನಿಂತ ಒಂದೊಂದು ದಿನಕ್ಕೂ ಎರಡು ಸಾವಿರ ರೂಪಾಯಿ ಬರಿಯ ಕಂತಿನ ಬಾಬತ್ತಿನಲ್ಲೇ ಹೋಗುತ್ತದೆ. ಬಾಡಿಗೆಯ ನಷ್ಟ ಬೇರೆ, ಕೈತಪ್ಪಿದ ವ್ಯಾಪಾರಿಯ ನಷ್ಟ ಬೇರೆ. ಹತ್ತು ದಿನ ವಾದಿಸಿ 15 ಸಾವಿರ ಉಳಿಸಿಕೊಳ್ಳುವುದಕ್ಕಿಂತ ಇಂದೇ ಆ 15 ಸಾವಿರ ಕೊಟ್ಟು ಲಾರಿ ಬಿಡಿಸಿಕೊಳ್ಳುವುದು ಅವನಿಗೆ ಲಾಭ. ವರ್ಕ್‌ಶಾಪಿನವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ವಾರಂಟಿಯ ವಿವಾದದಲ್ಲಿ ಡೀಲರನ ನಿಜವಾದ ಆಯುಧ ಕಾಲಹರಣ.

ತೆರಿಗೆಯ ಕಾನೂನೂ ಇಲ್ಲಿ ಸಣ್ಣ ಮಾಲೀಕನ ಕೈಹಿಡಿಯುವುದಿಲ್ಲ. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದವರಿಗೆ ಅಂದಾಜು ಆದಾಯದ ಮೇಲೆ ತೆರಿಗೆ ಕಟ್ಟುವ ಸರಳ ವಿಧಾನವಿದೆ. 12 ಟನ್ನಿಗಿಂತ ಹೆಚ್ಚಿನ ಒಟ್ಟು ತೂಕದ ಲಾರಿಗೆ ಟನ್ನಿಗೆ ತಿಂಗಳೊಂದಕ್ಕೆ ಸಾವಿರ ರೂಪಾಯಿಯಂತೆ ಆದಾಯ ಬಂದಿದೆಯೆಂದು ಅದು ಭಾವಿಸುತ್ತದೆ. ಲಾರಿ ಎಷ್ಟು ದಿನ ಓಡಿತು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಎಷ್ಟು ತಿಂಗಳು ಒಡೆತನದಲ್ಲಿತ್ತು ಎಂಬುದಷ್ಟೇ ಮುಖ್ಯ. ಹೀಗಾಗಿ ವರ್ಕ್‌ಶಾಪಿನ ಅಂಗಳದಲ್ಲಿ ತಿಂಗಳುಗಟ್ಟಲೆ ನಿಂತ ಲಾರಿಯೂ ತೆರಿಗೆಯ ಕಾಗದದಲ್ಲಿ ದುಡಿಯುತ್ತಲೇ ಇರುತ್ತದೆ. ಅದಕ್ಕಿಂತ ಕಡಿಮೆ ಆದಾಯ ತೋರಿಸಬೇಕೆಂದರೆ ಲೆಕ್ಕಪುಸ್ತಕ, ಲೆಕ್ಕಪರಿಶೋಧನೆಗಳ ಹೊರೆ ಹೊರಬೇಕು.

ಡೀಲರರ ಪಕ್ಷದಲ್ಲಿಯೂ ನ್ಯಾಯವಾದ ಮಾತುಗಳಿವೆ. ಮಿತಿಮೀರಿ ಸರಕು ಹೇರುವುದು ನಮ್ಮ ಭಾಗದಲ್ಲಿ ಗುಟ್ಟಿನ ವಿಷಯವಲ್ಲ. ಅಗ್ಗದ ಯೂರಿಯಾ ದ್ರಾವಣಕ್ಕೆ ಮಾರುಹೋಗುವವರು, ಎಣ್ಣೆ ಬದಲಿಸುವ ಅವಧಿಯನ್ನು ಮುಂದೂಡುವವರು, ಸಂವೇದಕದ ತಂತಿಯನ್ನು ಕತ್ತರಿಸಿ ದೀಪ ಆರಿಸಲು ನೋಡುವವರು ಮಾಲೀಕರಲ್ಲಿಯೂ ಇದ್ದಾರೆ. ಇಂಥ ದುರ್ಬಳಕೆಗೆ ಕಂಪನಿ ಹೊಣೆಯಾಗಬೇಕೆಂದು ಯಾರೂ ಹೇಳಲಾರರು. ಆದರೆ ದುರ್ಬಳಕೆ ನಡೆದಿದೆ ಎಂದು ಹೇಳುವವನು ಅದನ್ನು ತೋರಿಸಿಕೊಡಬೇಕು. ದ್ರಾವಣ ಕಲಬೆರಕೆಯದೆಂದರೆ ಮಾದರಿಯನ್ನು ಮಾಲೀಕನ ಎದುರಿನಲ್ಲಿ ತೆಗೆದು ಮೊಹರು ಹಾಕಿ ಪರೀಕ್ಷಿಸಬೇಕು. ಬಾಯಿಮಾತಿನ ಆರೋಪವೇ ತೀರ್ಪಾದರೆ ತಪ್ಪು ಮಾಡಿದವನಿಗೂ ಮಾಡದವನಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಕಾನೂನು ಏನು ಹೇಳುತ್ತದೆ? ಲಾರಿ ವಾಣಿಜ್ಯ ವಾಹನ, ಆದ್ದರಿಂದ ಗ್ರಾಹಕ ನ್ಯಾಯಾಲಯ ನಿಮಗಲ್ಲ ಎಂದು ಕೌಂಟರಿನಲ್ಲಿ ಹೇಳಿ ಕಳುಹಿಸುವುದುಂಟು. ಇದು ಅರ್ಧಸತ್ಯ. ಸ್ವಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಸರಕು ಕೊಂಡು ತಾನೇ ಬಳಸುವವನು ಗ್ರಾಹಕನೇ ಎಂಬ ವಿವರಣೆ 1993ರ ತಿದ್ದುಪಡಿಯಲ್ಲಿಯೇ ಸೇರಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವಿವರಣೆಯನ್ನು ಬಿಡಿಸಿಡುವಾಗ ಲಾರಿಯ ಉದಾಹರಣೆಯನ್ನೇ ಕೊಟ್ಟಿತು. ಸಾರ್ವಜನಿಕ ಸಾಗಣೆಗಾಗಿ ಲಾರಿ ಕೊಂಡು ಸ್ವತಃ ಓಡಿಸುವವನು ಗ್ರಾಹಕ. ನೆರವಿಗೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಸ್ಥಾನ ಹೋಗುವುದಿಲ್ಲ ಎಂದಿತು. ಹಲವು ಲಾರಿಗಳನ್ನಿಟ್ಟು ಸಂಬಳದ ಚಾಲಕರಿಂದ ಓಡಿಸುವವರಿಗೆ ಈ ಬಾಗಿಲು ಮುಚ್ಚಿರಬಹುದು. ಕಮಲಾಪುರದ ನನ್ನ ಕಕ್ಷಿದಾರರಂಥವರಿಗೆ ಅದು ತೆರೆದೇ ಇದೆ.

ಈಗ ದೂರನ್ನು ವಾಸಸ್ಥಳದ ಜಿಲ್ಲೆಯಲ್ಲಿಯೇ ದಾಖಲಿಸಬಹುದು. ಸರಕು ಅಥವಾ ಸೇವೆಗೆ ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿದೆ. ಬಿಲ್ಲು ಕೊಡದಿರುವುದನ್ನೂ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ಪರೀಕ್ಷೆ ಬೇಡದ ದೂರುಗಳು ಮೂರು ತಿಂಗಳಲ್ಲಿ, ಸರಕಿನ ಪರೀಕ್ಷೆ ಬೇಕಾದವು ಐದು ತಿಂಗಳಲ್ಲಿ ಇತ್ಯರ್ಥವಾಗಬೇಕೆಂಬುದು ಕಾಯ್ದೆಯ ಆಶಯ. ವಾಸ್ತವದಲ್ಲಿ ವರ್ಷಗಳೇ ಉರುಳುವುದುಂಟು.

ಬಾಗಿಲು ತೆರೆದಿದ್ದರೂ ಒಳಗಿನ ಹಾದಿ ಸುಗಮವಲ್ಲ. ವಾಹನ ಪದೇ ಪದೇ ಕೆಟ್ಟಿತೆಂದು ಹೊಸ ವಾಹನವನ್ನೇ ಕೊಡಿಸುವುದು ಸುಲಭವಲ್ಲ. ವಾರಂಟಿಯಲ್ಲಿ ಒಪ್ಪಿಕೊಂಡದ್ದು ದೋಷಯುಕ್ತ ಭಾಗದ ದುರಸ್ತಿ ಅಥವಾ ಬದಲಾವಣೆಯಷ್ಟೇ ಎಂದು 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗೋವಾದ ಕಾರು ಖರೀದಿದಾರರೊಬ್ಬರ ಪ್ರಕರಣದಲ್ಲಿ 2021ರಲ್ಲಿ ಅದೇ ನ್ಯಾಯಾಲಯ, ಡೀಲರ್ ತಾನಾಗಿ ಎಸಗಿದ ತಪ್ಪು ತಯಾರಕರಿಗೆ ತಿಳಿದಿತ್ತೆಂದು ತೋರಿಸದೆ ಅವರನ್ನು ಹೊಣೆ ಮಾಡಲಾಗದು ಎಂದಿತು. ಅಂದರೆ ಮಾಲೀಕ ದೋಷವನ್ನೂ ಸಾಬೀತು ಮಾಡಬೇಕು, ದೋಷ ಯಾರದೆಂಬುದನ್ನೂ ಸಾಬೀತು ಮಾಡಬೇಕು. ಸಾಕ್ಷ್ಯವಾದರೋ ಎದುರಾಳಿಯ ಕಪಾಟಿನಲ್ಲಿ, ಎದುರಾಳಿಯ ಲ್ಯಾಪ್‌ಟಾಪಿನಲ್ಲಿದೆ.

ಈ ಅಸಮಾನತೆಯನ್ನು ದೇಶದ ಸ್ಪರ್ಧಾ ಆಯೋಗ ಕಾರುಗಳ ವಿಷಯದಲ್ಲಿ ಗುರುತಿಸಿದ್ದುಂಟು. 2014ರ ಆಗಸ್ಟ್ 25ರಂದು ಅದು 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಸಾಧನಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗುವಂತೆ ಮಾಡಬೇಕು. ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿಯನ್ನು ರದ್ದು ಮಾಡಬಾರದು. ಹೊರಗಿನ ತಪ್ಪು ಕೆಲಸದಿಂದ ಹಾನಿಯಾದಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂದಿತು. ಆ ಆದೇಶ ಮೇಲ್ಮನವಿಗಳ ಸುಳಿಗೆ ಸಿಲುಕಿತು. ಕೇಂದ್ರ ಸರ್ಕಾರ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವನ್ನೂ ಆರಂಭಿಸಿತು. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ಸರಕುಗಳ ಜೊತೆಗೆ ವಾಹನಗಳನ್ನೂ ಅದರಲ್ಲಿ ಸೇರಿಸಲಾಯಿತು. ಮಾಹಿತಿ ಪ್ರಕಟಿಸಿ ಎಂದು ಕಂಪನಿಗಳನ್ನು ಕೇಳಿಕೊಳ್ಳುವುದು ಒಂದು ಹೆಜ್ಜೆ. ಪ್ರಕಟಿಸಲೇಬೇಕು ಎನ್ನುವುದು ಇನ್ನೊಂದು. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಮತದಾರರು 2012ರಲ್ಲಿಯೇ ವಾಹನಗಳ ದುರಸ್ತಿ ಮಾಹಿತಿಯ ಹಕ್ಕನ್ನು ಮತದಾನದ ಮೂಲಕ ಅಂಗೀಕರಿಸಿದ್ದರು.

ದೆಹಲಿಯ ಕಾನೂನಿಗಾಗಿ ಕಾಯದೆ ನಮ್ಮ ರಾಜ್ಯದ ಮಟ್ಟದಲ್ಲಿ ಮಾಡಬಹುದಾದ ಕೆಲಸಗಳೂ ಇವೆ. ಮೊದಲನೆಯದು ಜಾಬ್ ಕಾರ್ಡಿಗೆ ಸಂಬಂಧಿಸಿದ್ದು. ಲಾರಿ ಒಳಗೆ ಬಂದ ಕೂಡಲೇ ಬರೆಯುವ ಈ ಕಾಗದದಲ್ಲಿ ಮಾಲೀಕನ ದೂರು ಏನೆಂಬುದು ದಾಖಲಾಗುತ್ತದೆ. ಮುಂದೆ ವಿವಾದವೆದ್ದರೆ ಇದೇ ಮೊದಲ ಸಾಕ್ಷ್ಯ. ನಾನು ಕಂಡ ಜಾಬ್ ಕಾರ್ಡುಗಳೆಲ್ಲ ಇಂಗ್ಲಿಷಿನವು. ಅವಕ್ಕೆ ಸಹಿ ಹಾಕಿದವರಲ್ಲಿ ಇಂಗ್ಲಿಷ್ ಓದಬಲ್ಲವರು ವಿರಳ. ವ್ಯಾಪಾರ ಮಳಿಗೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು ರಾಜ್ಯ 2024ರಲ್ಲಿ ಕಾನೂನು ಮಾಡಿತು. ಮಳಿಗೆಯ ಹೊರಗೆ ಕನ್ನಡದ ಫಲಕ, ಒಳಗೆ ಸಹಿ ಹಾಕಿಸುವ ಕಾಗದದಲ್ಲಿ ಒಂದಕ್ಷರವೂ ಕನ್ನಡವಿಲ್ಲ ಎಂದರೆ ಆ ಕಾನೂನಿನ ಪ್ರಯೋಜನ ಯಾರಿಗೆ? ಜಾಬ್ ಕಾರ್ಡು, ಅಂದಾಜು ವೆಚ್ಚ ಮತ್ತು ವಾರಂಟಿ ನಿರಾಕರಣೆಯ ಪತ್ರ ಕನ್ನಡದಲ್ಲಿಯೂ ಇರಬೇಕು.

ಎರಡನೆಯದಾಗಿ, ವಾರಂಟಿ ಇಲ್ಲ ಎನ್ನುವುದಾದರೆ ಕಾರಣವನ್ನು ಬರೆದು ಕೊಡಬೇಕು. ಲ್ಯಾಪ್‌ಟಾಪು ತೋರಿಸಿದ ದೋಷ ಸಂಕೇತಗಳ ಮುದ್ರಿತ ಪ್ರತಿಯನ್ನು ಅದರ ಜೊತೆಗಿಡಬೇಕು. ಹಣ ಪಡೆದು ಬದಲಿಸಿದ ಹಳೆಯ ಭಾಗವನ್ನು ಮಾಲೀಕನ ಕೈಗೇ ಕೊಡಬೇಕು. ಇದರಿಂದ ಪ್ರಾಮಾಣಿಕ ಡೀಲರನಿಗೆ ಆಗುವ ನಷ್ಟ ಒಂದೆರಡು ಹಾಳೆ ಕಾಗದ ಮಾತ್ರ.

ಮೂರನೆಯದು ಸ್ವತಂತ್ರ ಪರೀಕ್ಷೆ. ಗ್ರಾಹಕ ಕಾಯ್ದೆಯ ಪ್ರಕಾರ ದೋಷದ ಪ್ರಶ್ನೆಯನ್ನು ಆಯೋಗವು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಒಪ್ಪಿಸಬಹುದು. ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ಅಧಿಕಾರ, ಕೇಂದ್ರದ ಮಾರ್ಗಸೂಚಿಗೆ ಒಳಪಟ್ಟು, ರಾಜ್ಯ ಸರ್ಕಾರಕ್ಕೂ ಇದೆ. ಕಲಬುರಗಿಯಲ್ಲಿ 1958ರಲ್ಲಿ ಆರಂಭವಾದ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು ಇದೆ. ಇಂಥ ಸಂಸ್ಥೆಯೊಂದಕ್ಕೆ ಬೇಕಾದ ಸಾಧನ ಒದಗಿಸಿ ವಾಹನ ದೋಷ ಪರೀಕ್ಷೆಗೆ ಮಾನ್ಯತೆ ಕೊಟ್ಟರೆ, ಮುಚ್ಚಿಹೋದ ಎರಡನೆಯ ಅಭಿಪ್ರಾಯದ ಬಾಗಿಲು ಮತ್ತೆ ತೆರೆಯುತ್ತದೆ. ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗದು.

ಅಲ್ಲಿಯವರೆಗೆ ಮಾಲೀಕರು ಮಾಡಬಹುದಾದದ್ದೂ ಕೆಲವಿದೆ. ದೂರನ್ನು ತಮ್ಮ ಮಾತಿನಲ್ಲಿಯೇ ಜಾಬ್ ಕಾರ್ಡಿನಲ್ಲಿ ಬರೆಸಬೇಕು. ಬರೆದುಕೊಳ್ಳದಿದ್ದರೆ ಆ ದಿನವೇ ಸಂದೇಶ ಕಳುಹಿಸಿ ದಾಖಲೆ ಉಳಿಸಿಕೊಳ್ಳಬೇಕು. ಯೂರಿಯಾ, ಎಣ್ಣೆ ಕೊಂಡ ರಸೀದಿಗಳನ್ನು ಜೋಪಾನವಾಗಿಡಬೇಕು. ಲಾರಿ ಬಿಡಿಸಿಕೊಳ್ಳಲೇಬೇಕಾದ ಅನಿವಾರ್ಯದಲ್ಲಿ ಹಣ ಕಟ್ಟುವಾಗ ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಬರೆದೇ ಕಟ್ಟಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915 ಪ್ರತಿ ಚಾಲಕನ ಫೋನಿನಲ್ಲಿರಬೇಕು. ಎರಡು ವರ್ಷದೊಳಗೆ ದೂರು ಕೊಡದಿದ್ದರೆ ಹಕ್ಕು ಜಾರಿಹೋಗುತ್ತದೆ ಎಂಬುದನ್ನೂ ಮರೆಯಬಾರದು. ಒಬ್ಬೊಬ್ಬರಾಗಿ ಬರೆಸಲಾಗದ್ದನ್ನು ಲಾರಿ ಮಾಲೀಕರ ಸಂಘಗಳು ಒಟ್ಟಾಗಿ ಬರೆಸಬಲ್ಲವು. ಡೀಸೆಲ್ ದರ, ಟೋಲು ಶುಲ್ಕಗಳ ವಿರುದ್ಧ ಚಕ್ಕಾ ಬಂದ್ ನಡೆಸುವ ಸಂಘಗಳು ವರ್ಕ್‌ಶಾಪಿನ ಬಾಗಿಲಲ್ಲಿ ಮಾತ್ರ ಮೌನವಾಗಿರುವುದು ಸೋಜಿಗ.

ಲಾರಿಯವರ ಗೋಳು ನಮಗೇಕೆ ಎಂದು ನಗರದ ಓದುಗರು ಭಾವಿಸಬಾರದು. ಕಾರು, ಸ್ಕೂಟರು, ಶೀತಲ ಪೆಟ್ಟಿಗೆಗಳೂ ಒಳಗೊಂದು ಗಣಕ ಇಟ್ಟುಕೊಂಡು ಬರುತ್ತಿರುವ ಕಾಲವಿದು. ಕೊಂಡವನಿಗೆ ತನ್ನ ಸ್ವತ್ತನ್ನು ತೆರೆದು ನೋಡುವ, ಬೇರೆಯವರಿಗೆ ತೋರಿಸುವ ಹಕ್ಕು ಇದೆಯೋ ಇಲ್ಲವೋ ಎಂಬ ಪ್ರಶ್ನೆ ಎಲ್ಲರ ಮನೆಗೂ ಬರಲಿದೆ. ಅದು ಎಲ್ಲರಿಗಿಂತ ಮೊದಲು ಬಂದದ್ದು ಹೆದ್ದಾರಿಯಲ್ಲಿ ದುಡಿದು ಕಂತು ಕಟ್ಟುವವನ ಬಾಗಿಲಿಗೆ. ವಾರಂಟಿ ಎಂದರೆ ಕೊಟ್ಟ ಮಾತು. ಅದನ್ನು ಉಳಿಸಿಕೊಂಡರೋ ಇಲ್ಲವೋ ಎಂದು ನಿರ್ಧರಿಸುವ ಅಧಿಕಾರ ಮಾತು ಕೊಟ್ಟವರೊಬ್ಬರ ಕೈಯಲ್ಲೇ ಇರಬಾರದು.